ಗೂಡಿನ ಒಳ ಅಳತೆ

ಮಾರ್ಚ್ 3, ಸೋಮವಾರ

ಮೂರು ಪ್ಯಾಂಟಿನ ಉದ್ದ ಇಳಿಸಿದೆ. ಒಂದು ಕೋಟಿನ ಲೈನಿಂಗ್. ಜಿಪ್ ಎರಡು. ಮೊಟ್ಟೆ ಐದು — ಹೆಡ್‌ಮಿಸ್ ಇವತ್ತೂ ರಜೆ. ಆರು ಕೋಳಿಗಳಲ್ಲಿ ಕೆಲಸಕ್ಕಿಂತ ದರ್ಬಾರು ಜಾಸ್ತಿ ಅವಳದ್ದೇ. ಉಳಿದ ಮೂರು ಕಂದು, ಎರಡು ಪಟ್ಟೆಯವು — ಅವಳು ತಿಂದು ಕೊಕ್ಕು ಒರೆಸಿಕೊಂಡ ಮೇಲೆಯೇ ತಟ್ಟೆಯ ಹತ್ತಿರ ಬರಬೇಕು.

ಇವರು ಬಸ್ ಡಿಪೋದಿಂದ ಬಂದವರೇ ಶೂ ಬಿಚ್ಚದೆ ಬಾಗಿಲಲ್ಲಿ ನಿಂತರು. ಹಾಗೆ ನಿಂತರೆ ಏನೋ ಇದೆ ಎಂದೇ ಅರ್ಥ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ.

"ಅಕ್ಕ ಇರೋ ಬಾಡಿಗೆ ಮನೆ ಕೆಡವ್ತಾರಂತೆ. ಬೇರೆ ಸಿಗೋವರೆಗೂ ಇಲ್ಲೇ ಇರು ಅಂದೆ."

ಅಂದೆ. ಅಂದಾಗಿದೆ. ಕೇಳಲು ಬಂದದ್ದಲ್ಲ.

"ಎಲ್ಲಿ ಮಲಗ್ತಾರೆ?"

"ನಿನ್ನ ಮಿಷನ್ ರೂಮಲ್ಲಿ. ಮಿಷನ್ ಸ್ವಲ್ಪ ಕಿಟಕಿ ಕಡೆ ಸರಿಸಿದ್ರೆ ಮಂಚ ಹಿಡಿಯತ್ತೆ."

ಸ್ವಲ್ಪವಂತೆ. ಆ ರೂಮಿನಲ್ಲಿ ನಾನು ತಿರುಗಿದರೆ ಈಗಲೇ ಮೊಣಕೈ ಗೋಡೆಗೆ ತಾಗುತ್ತದೆ.

ಶೂ ಬಿಚ್ಚುತ್ತ ಇನ್ನೊಂದು ಬಾಂಬು. "ಅವಳ ಮೂರು ಕೋಳೀನೂ ಬರತ್ತೆ. ಗೂಡಲ್ಲಿ ಜಾಗ ಇದೆಯಲ್ಲ?"

"ಧಾರಾಳ," ಅಂದೆ.

ಯಾಕಂದೆನೋ. ಬಟನ್ ಹಾಕುವುದಿದೆ, ಇಲ್ಲಿಗೆ ಸಾಕು.

ಮಾರ್ಚ್ 9, ಭಾನುವಾರ

ಅತ್ತಿಗೆ ಬಂದರು. ಎರಡು ಸೂಟ್‌ಕೇಸ್, ಒಂದು ಟೇಬಲ್ ಲ್ಯಾಂಪ್, ಒಂದು ಬೆತ್ತದ ಬುಟ್ಟಿ. ಮೂವತ್ತೈದು ವರ್ಷ ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಹಾಕಿದವರು. ಈಗಲೂ ಲೈಬ್ರರಿಯಲ್ಲಿದ್ದ ಹಾಗೇ ಮಾತಾಡುತ್ತಾರೆ. ಬಂದಾಗಿನಿಂದ ಹನ್ನೊಂದು ಸಲ ಸಾರಿ ಹೇಳಿದರು, ಒಂದು ಸಲ ಕುರ್ಚಿಗೂ.

ಬುಟ್ಟಿ ತೆರೆದರೆ ಮೂರು ಕಪ್ಪು ಕೋಳಿ. ತಲೆಯ ಮೇಲೆ ಬಿಳಿ ಜುಟ್ಟು. ಜುಟ್ಟೆಂದರೆ ಅಂತಿಂಥದ್ದಲ್ಲ, ಕಣ್ಣೇ ಮುಚ್ಚಿಹೋಗುವಷ್ಟು. ಪೌಡರ್ ಪಫ್ ತಲೆ ಮೇಲೆ ಇಟ್ಟುಕೊಂಡು ಮದುವೆಮನೆ ಹುಡುಕುವವರ ಹಾಗೆ ತಡವರಿಸುತ್ತ ನಡೆಯುತ್ತವೆ. ದೊಡ್ಡವಳು, ನಡುವಿನವಳು, ಪುಟ್ಟಿ. ನಮ್ಮವುಗಳ ಅರ್ಧ ತೂಕವಿಲ್ಲ.

ಇವರು ಮಂಚ ಜೋಡಿಸಿದರು. ಮಿಷನ್ ಕಿಟಕಿಗೆ ಅಂಟಿತು. ಈಗ ಹೊಲಿಯುತ್ತ ತಲೆ ಎತ್ತಿದರೆ ನೇರ ಹಿತ್ತಲು, ಗೂಡು. ಅಷ್ಟೇ ಲಾಭ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಅತ್ತಿಗೆ ಒಂದು ಹಾಳೆ ತಂದರು. ಯಾವುದೋ ಪುಸ್ತಕದಿಂದ ಇಳಿಸಿಕೊಂಡದ್ದು, ಮುತ್ತು ಪೋಣಿಸಿದಂಥ ಅಕ್ಷರ. ಬೇರೆ ಬೇರೆ ತಳಿ ಒಟ್ಟಿಗೆ ಸಾಕುವಾಗ — ಗೂಡಿನೊಳಗೆ ತಲಾ ನಾಲ್ಕು ಚದರ ಅಡಿ. ಕೂರುವ ಗಳದ ಮೇಲೆ ತಲಾ ಒಂದು ಗೇಣು. ಹೊಸಬರನ್ನು ಎರಡು ವಾರ ಬಲೆಯ ಆಚೆ ಇಡಬೇಕು, ಕಾಣಬೇಕು ಆದರೆ ಮುಟ್ಟಬಾರದು. ಕಾಳಿನ ತಟ್ಟೆ ಎರಡು, ಒಂದರ ಹತ್ತಿರ ನಿಂತರೆ ಇನ್ನೊಂದು ಕಾಣದ ಹಾಗೆ.

"ನಮ್ಮ ಗೂಡು ಎಷ್ಟಿದೆ? ಸಾರಿ, ಸುಮ್ಮನೆ ಕೇಳ್ದೆ."

"ಎಂಟು ಐದಲೆ," ಅಂದೆ.

"ನಲವತ್ತು! ಒಂಬತ್ತಕ್ಕೆ ಮೂವತ್ತಾರು ಸಾಕು. ಇನ್ನೂ ನಾಲ್ಕು ಉಳಿಯತ್ತೆ." ಮುಖ ಅರಳಿತು.

ಎಂಟು ಐದಲೆ ಹೊರಗಿನ ಅಳತೆ. ಮಾಡಿನ ಅಂಚಿನಿಂದ ಅಂಚಿಗೆ, ಮೊಟ್ಟೆ ಪೆಟ್ಟಿಗೆಯೂ ಸೇರಿ. ಒಳಗೆ ಆರು ನಾಲ್ಕಲೆ. ಇಪ್ಪತ್ನಾಲ್ಕು. ಆರು ಕೋಳಿಗೆ ಅಳೆದು ಹೊಲಿದ ಹಾಗೆ — ಇವರು ಮರ ಕೊಯ್ದದ್ದು, ಅಳತೆ ಕೊಟ್ಟವಳು ನಾನೇ. ಒಂದು ಇಂಚೂ ವೇಸ್ಟ್ ಆಗಿಲ್ಲ ಎಂದು ಆಗ ಬೀಗಿದ್ದೆ.

ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಮೈಯಳತೆ ಬೇರೆ, ಬಟ್ಟೆ ಅಳತೆ ಬೇರೆ ಎಂದು ಪಾಠ ಹೇಳುವವಳು. ಮರೆತು ಹೇಳಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿಜ ಹೇಳಿದ್ದರೆ ಇವರು ಈ ಭಾನುವಾರವೇ ಗೂಡು ದೊಡ್ಡದು ಮಾಡುತ್ತಿದ್ದರು. ಗೂಡು ದೊಡ್ಡದಾದರೆ ಅತ್ತಿಗೆ ಇಲ್ಲೇ ಉಳಿದ ಹಾಗೆ.

ಮಾರ್ಚ್ 13, ಗುರುವಾರ

ಗೂಡಿನ ನಡುವೆ ಅತ್ತಿಗೆ ಕಟ್ಟಿದ್ದ ಬಲೆ ಬಿಚ್ಚಿಹಾಕಿದೆ. ಮೊಟ್ಟೆ ತೆಗೆಯಲು ದಿನಾ ಬಲೆಯ ಕೆಳಗೆ ತೂರಿ ಸೊಂಟ ಹಿಡಿದುಹೋಯಿತು.

"ಇನ್ನೂ ನಾಲ್ಕೇ ದಿನ ಆಯ್ತಲ್ವಾ…" ಎಂದರು ಅತ್ತಿಗೆ.

"ನಮ್ಮ ಕೋಳಿ ಸಾಧು ಅತ್ತಿಗೆ. ಹೊಂದ್ಕೊಳ್ತವೆ ಬಿಡಿ."

ಸಂಜೆ ನೋಡಿದರೆ ಮೂರೂ ಮೂಲೆಯಲ್ಲಿ ಒಂದರ ಹೊಟ್ಟೆಗೆ ಒಂದು ತಲೆ ತೂರಿಸಿಕೊಂಡು ನಿಂತಿವೆ. ಗಳದ ಮೇಲೆ ನಮ್ಮ ಆರು ತುದಿಯಿಂದ ತುದಿಗೆ ಕೂತಿವೆ. ಇವು ಹತ್ತಿದರೆ ಹೆಡ್‌ಮಿಸ್ ಕುಕ್ಕಿ ಬೀಳಿಸುತ್ತಾಳೆ.

ಮಾರ್ಚ್ 17, ಸೋಮವಾರ, ಮಧ್ಯಾಹ್ನ 3

ಅತ್ತಿಗೆ ಹಿತ್ತಲಲ್ಲಿ ಸ್ಟೂಲ್ ಹಾಕಿ ಕೂತಿದ್ದಾರೆ. ಒಂದು ಕೈಯಲ್ಲಿ ಮಡಚಿದ ಪೇಪರ್, ಇನ್ನೊಂದರಲ್ಲಿ ಎರಡನೆಯ ತಟ್ಟೆ. ಹೆಡ್‌ಮಿಸ್ ಬಂದರೆ ಪೇಪರ್ ಅಡ್ಡ ಹಿಡಿಯುತ್ತಾರೆ. ಅವಳಿಗೂ ಸಾರಿ ಹೇಳಿದ್ದು ಕೇಳಿಸಿತು.

ಬೆಳಿಗ್ಗೆ ಏಳಕ್ಕೆ ನಾನು ಬರುವುದರೊಳಗೆ ಹಾಸಿಗೆ ಸುತ್ತಿ, ರೂಮು ಗುಡಿಸಿ, ನೆಲದ ಗುಂಡುಸೂಜಿಯನ್ನೆಲ್ಲ ಹೆಕ್ಕಿ ಡಬ್ಬಿಗೆ ಹಾಕಿರುತ್ತಾರೆ. ಬೈಯಲು ಒಂದು ನೆಪ ಸಿಗುವುದಿಲ್ಲ. ಒಳ್ಳೆಯವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ.

ಗಿರಾಕಿ ಬಂದಾಗಲೆಲ್ಲ ಎದ್ದು ಬಿಸಿಲಿಗೆ ಹೋಗಿಬಿಡುತ್ತಾರೆ. ಹೋಗಿ ಎಂದು ನಾನು ಹೇಳಿಲ್ಲ. ಇರಿ ಎಂದೂ ಹೇಳಿಲ್ಲ.

ಮಾರ್ಚ್ 20, ಗುರುವಾರ, 11.40

ಈಗಲೇ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ಬೇರೆ ಕಥೆ ಕಟ್ಟಿಕೊಂಡಿರುತ್ತೇನೆ.

ಅತ್ತಿಗೆ ಬೆಳಿಗ್ಗೆ ರೂಮು ನೋಡಲು ಹೋದರು. "ಒಂದು ಗಂಟೆ ನೋಡ್ಕೋತೀಯಾ, ಪುಟ್ಟಿ ಯಾಕೋ ಮಂಕಾಗಿದ್ದಾಳೆ" ಎಂದಿದ್ದರು. ಹ್ಞೂಂ ಅಂದೆ.

ಕಿಟಕಿಯಿಂದ ಕಾಣುತ್ತಿತ್ತು. ಮೊದಲು ಹೆಡ್‌ಮಿಸ್ ಒಬ್ಬಳೇ. ಪುಟ್ಟಿಯ ಜುಟ್ಟಿನಿಂದ ಒಂದು ಪುಕ್ಕ ಕಿತ್ತಳು. ಪುಟ್ಟಿ ತಿರುಗಿದಳು, ಗೋಡೆ. ಮತ್ತೆ ತಿರುಗಿದಳು, ತಟ್ಟೆ. ಆಮೇಲೆ ಬಿಳಿಯ ಮೇಲೆ ಕೆಂಪು ಕಂಡಿತು. ಕೆಂಪು ಕಂಡದ್ದೇ ಉಳಿದವೂ ಬಂದವು.

ಪ್ಯಾಂಟಿನ ಒಂದು ಕಾಲಿನ ಅಂಚು ಹಾಕುತ್ತಿದ್ದೆ. ಮುಗಿಸಿದೆ. ಇನ್ನೊಂದು ಕಾಲೂ ಮುಗಿಸಿದೆ. ದಾರ ಕತ್ತರಿಸಿದೆ. ಆಮೇಲೆ ಎದ್ದೆ.

ಹನ್ನೆರಡಕ್ಕೆ ಗಿರಾಕಿ ಬರುತ್ತಾರೆ ಎಂದು ಮುಗಿಸಿದ್ದಲ್ಲ. ಈಗ ಗೊತ್ತಾಗತ್ತೆ ಇವರಿಗೆ, ಒಟ್ಟಿಗೆ ಇರೋಕಾಗಲ್ಲ ಅಂತ — ಇಷ್ಟೇ ಇದ್ದದ್ದು ತಲೆಯಲ್ಲಿ. ಕೋಳಿ ಬಗ್ಗೆ ಅಂದುಕೊಂಡೆನೋ ಅತ್ತಿಗೆ ಬಗ್ಗೆಯೋ.

ಎತ್ತಿಕೊಂಡಾಗ ಪುಟ್ಟಿ ಕೂಗಲಿಲ್ಲ. ಒದ್ದಾಡಲೂ ಇಲ್ಲ. ನನ್ನ ಕಂಕುಳಿಗೆ ತಲೆ ತೂರಿಸಿತು.

ಅದೇ ದಿನ, ಸಂಜೆ 6

ಅತ್ತಿಗೆ ಬಾಗಿಲಲ್ಲೇ ಕೇಳಿದರು, "ಏನಾಯ್ತು?"

"ಬೆಕ್ಕು," ಅಂದೆ.

ಬಾಯಿಂದ ಜಾರಿತು ಅನ್ನುವ ಹಾಗಿಲ್ಲ. ಅವರು ಗೇಟು ತೆರೆಯುವಾಗಲೇ ಹುಡುಕಿಟ್ಟುಕೊಂಡಿದ್ದೆ.

ಬೆಕ್ಕು ಪಕ್ಕದ ಮನೆ ವಾಚ್ ತಾತನದು. ಗಡಿಯಾರ ರಿಪೇರಿ ಮಾಡುವ ತಾತ, ಒಬ್ಬರೇ ಇರುವುದು. ದಿನಾ ಐದಕ್ಕೆ ಎಬ್ಬಿಸುತ್ತದೆ ಎಂದು ಅದಕ್ಕೆ ಅಲಾರಂ ಎಂದು ಹೆಸರು. ಹಲ್ಲು ಅರ್ಧ ಉದುರಿದೆ. ನಮ್ಮ ಗೂಡಿನ ಮಾಡಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತದೆ. ಒಮ್ಮೆ ಹೆಡ್‌ಮಿಸ್ ಅದರ ಮೂಗಿಗೇ ಕುಕ್ಕಿದ್ದಳು. ಅವತ್ತಿನಿಂದ ಅದು ಕೋಳಿಗಳ ಕಡೆ ತಿರುಗಿಯೂ ನೋಡಿಲ್ಲ.

ಅತ್ತಿಗೆ ಪುಟ್ಟಿಯ ತಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೂಡಿನವರೆಗೆ ಹೋಗಿ ಬಂದರು.

ಮಾರ್ಚ್ 21, ಶುಕ್ರವಾರ

ಪುಟ್ಟಿಯನ್ನು ಪಶು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ನಾನೇ ಒಯ್ದೆ. ನಾನೂ ಬರ್ತೀನಿ ಎಂದ ಅತ್ತಿಗೆಯನ್ನು ಬಿಸಿಲು ಎಂದು ತಡೆದೆ. ಎಷ್ಟು ಕಾಳಜಿ ನೋಡು.

ಡಾಕ್ಟರಮ್ಮ ಹತ್ತಿ ಹಿಡಿದು ಒಂದು ಸಲ ನೋಡಿದರು. "ಕೊಕ್ಕಿನ ಗಾಯ. ಎಷ್ಟು ಕೋಳಿ? ಎಷ್ಟು ಜಾಗ?"

ಒಂಬತ್ತು. ಆರು ನಾಲ್ಕಲೆ. ಅಲ್ಲಿ ನಿಜವೇ ಹೇಳಿದೆ, ಹೊರಗಿನವರ ಮುಂದೆ ನಿಜ ಸುಲಭ.

"ನನ್ನ ಈ ಕೋಟಿನ ತೋಳು ಬಿಡಿಸಿಕೊಟ್ಟೋರು ನೀವೇ ಅಲ್ವಾ? ಕೈ ಎತ್ತೋಕೆ ಜಾಗ ಇರ್ಬೇಕು ಅಂತ ನೀವೇ ಅಂದಿದ್ರಿ. ಇವಕ್ಕೆ ಯಾಕೆ ಬಿಡ್ಲಿಲ್ಲ?"

ಬುಟ್ಟಿಯ ಮುಚ್ಚಳ ಸರಿಮಾಡಿದೆ.

"ಕೋಳಿಗೆ ಕೂರೋದಕ್ಕಲ್ಲಮ್ಮ ಜಾಗ ಬೇಕಿರೋದು, ಓಡಿಹೋಗೋದಕ್ಕೆ. ಕುಕ್ಕಿಸ್ಕೊಂಡಿದ್ದು ಮರೆಗೆ ಹೋಗ್ಬೇಕು, ಕುಕ್ಕಿದ್ದು ಮರೀಬೇಕು. ಇದಕ್ಕೆ ಕಣ್ಣೂ ಕಾಣಲ್ಲ ಪಾಪ. ಯಾರು ಬಂದ್ರು ಅಂತ ತಿಳಿಯೋದ್ರೊಳಗೆ ಎರಡು ಬಿದ್ದಿರತ್ತೆ. ಜುಟ್ಟು ಕತ್ತರಿಸಿ."

ಮನೆಗೆ ಬಂದು ಬಟನ್‌ಗೆ ಕಾಜಾ ತೆಗೆಯುವ ಸಣ್ಣ ಕತ್ತರಿಯಲ್ಲಿ ಕತ್ತರಿಸಿದೆ. ಪುಕ್ಕದ ಕೆಳಗೆ ಎರಡು ಕಿತ್ತಳೆ ಬಣ್ಣದ ಕಣ್ಣು. ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿತು. ಈ ಕಡೆ ತಿರುಗಿಕೊಂಡೆ.

"ಡಾಕ್ಟರಮ್ಮ ಏನಂದ್ರು?" ಎಂದರು ಇವರು ಊಟದಲ್ಲಿ.

"ಬೆಕ್ಕೇ ಇರ್ಬೇಕು ಅಂದ್ರು."

ಈಗ ಸುಳ್ಳಿಗೆ ಡಾಕ್ಟರ ಸಹಿಯೂ ಬಿತ್ತು. ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬಲೆ ಮತ್ತೆ ಕಟ್ಟಿದ್ದೇನೆ. ಇವರು ಕೇಳಿದ್ದಕ್ಕೆ, ಬೆಕ್ಕಿಗೆ ಹೆದರಿವೆ ಪಾಪ, ಅಂದೆ.

ಮಾರ್ಚ್ 25, ಮಂಗಳವಾರ

ಇವರು ತಾತನ ಹತ್ತಿರ ಮಾತಾಡಿಬಿಟ್ಟಿದ್ದಾರೆ. ನನಗೆ ಹೇಳದೆ. ಸಿಟ್ಟಿನಲ್ಲಲ್ಲ, ಸ್ವಲ್ಪ ಕಟ್ಟಿಹಾಕಿ ತಾತ ಎಂದಷ್ಟೇ ಅಂದರಂತೆ.

ಸಂಜೆ ತಾತ ಬಂದರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು. ಪಕ್ಕದ ಮನೆಗೆ ಬರಲು ಇಸ್ತ್ರಿ.

"ತಪ್ಪಾಯ್ತಮ್ಮ. ಹದಿಮೂರು ವರ್ಷದಲ್ಲಿ ಒಂದು ಇಲಿ ಹಿಡಿದಿದ್ದು ನೋಡಿಲ್ಲ ನಾನು. ವಯಸ್ಸಾದ್ರೆ ಬುದ್ಧಿ ಕೆಡತ್ತೇನೋ. ತಂಗಿ ಮಗಳ ಮನೇಲಿ ಬಿಟ್ಟು ಬಂದೆ. ಇನ್ಮೇಲೆ ನಿಮಗೆ ತೊಂದ್ರೆ ಇಲ್ಲ."

"ಅಯ್ಯೋ, ಬಿಡ್ಬೇಕಿತ್ತಾ ತಾತ" — ಇಷ್ಟೇ ಬಂದದ್ದು ನನ್ನ ಬಾಯಲ್ಲಿ.

ಹೋಗುವಾಗ ನಮ್ಮ ಗೋಡೆ ಗಡಿಯಾರ ನೋಡಿ, ನಾಲ್ಕು ನಿಮಿಷ ಹಿಂದಿದೆ ಎಂದು ಸ್ಟೂಲ್ ಹತ್ತಿ ಸರಿಮಾಡಿ ಹೋದರು. ಎಪ್ಪತ್ತೆಂಟು ವರ್ಷ. ಸ್ಟೂಲ್ ಹಿಡಿದು ನಿಂತಿದ್ದೆ. ಅವರ ಚಪ್ಪಲಿ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ನನ್ನಂಥವಳಿಗೆ ನಾಚಿಕೆ ಎನ್ನುವುದು ಇದೆ ಎಂದೇ ಗೊತ್ತಿರಲಿಲ್ಲ. ಇದೆ. ಗಂಟಲಲ್ಲಿ ಗುಂಡುಸೂಜಿ ಸಿಕ್ಕಿಕೊಂಡ ಹಾಗೆ, ನುಂಗಲೂ ಆಗುವುದಿಲ್ಲ, ಉಗಿಯಲೂ ಆಗುವುದಿಲ್ಲ.

ಮಾರ್ಚ್ 29, ಶನಿವಾರ

ಪುಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ, ಮಂಚದ ಕೆಳಗೆ. ದಿನಕ್ಕೆರಡು ಸಲ ಮುಲಾಮು ನಾನೇ ಹಚ್ಚುತ್ತೇನೆ. ಅತ್ತಿಗೆ ನೋಡಿ, "ನಿನ್ನ ಕೈ ಹಗುರ ಕಣೇ" ಎಂದರು. ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಮಿಷನ್ ತುಳಿಯುವಾಗ ಪೆಟ್ಟಿಗೆಯಿಂದ ಹೊರಬಂದು ನನ್ನ ಎಡಗಾಲಿನ ಪಕ್ಕ ಕೂರುತ್ತದೆ. ಇಡೀ ಮನೆಯಲ್ಲಿ ಅದಕ್ಕೆ ನಾನೇ ಬೇಕೆ?

ಏಪ್ರಿಲ್ 2, ಬುಧವಾರ

ಅಲಾರಂ ತಂಗಿ ಮಗಳ ಮನೆಯಿಂದ ತಪ್ಪಿಸಿಕೊಂಡಿದೆ. ಭಾನುವಾರವೇ ಅಂತೆ. ತಾತನಿಗೆ ಇವತ್ತು ಹೇಳಿದರು.

ಸಂಜೆ ತಾತ ಬೀದಿಯ ಈ ತುದಿಯಿಂದ ಆ ತುದಿಗೆ ಕೂಗುತ್ತ ಹೋದರು. ಅಲಾರಂ… ಅಲಾರಂ… ಹೊಸಬರು ಯಾರೋ ಸ್ಕೂಟರ್ ನಿಲ್ಲಿಸಿ, ಯಾವ ಅಲಾರಂ ತಾತ, ಎಲ್ಲಿ ಹೊಡೀತಿದೆ ಎಂದು ನಕ್ಕರು. ಅಷ್ಟು ದೂರದಿಂದ ಮುದಿ ಬೆಕ್ಕು, ಮೂರು ದೊಡ್ಡ ರಸ್ತೆ ದಾಟಿ, ಎಲ್ಲಿ ಬರುತ್ತದೆ.

ಅತ್ತಿಗೆ ಟಾರ್ಚ್ ಹಿಡಿದು ತಾತನ ಜೊತೆ ಹೋದರು. ನನಗೆ ಅರ್ಜೆಂಟ್ ಕೆಲಸವಿತ್ತು. ಇರಲಿಲ್ಲ.

ಏಪ್ರಿಲ್ 5, ಶನಿವಾರ

ಅತ್ತಿಗೆಗೆ ರೂಮು ಸಿಕ್ಕಿದೆ. ಹೆಂಗಸರ ಹಾಸ್ಟೆಲ್, ಮೂರನೆಯ ಮಹಡಿ, ಇಬ್ಬರಿಗೆ ಒಂದು ರೂಮು. ಕೋಳಿ ಇಡುವ ಹಾಗಿಲ್ಲ. "ಪುಟ್ಟೀನ ನೀನು ಇಟ್ಕೋ, ನಿನ್ನ ಹಚ್ಕೊಂಡಿದೆ. ಉಳಿದೆರಡನ್ನ ಯಾರಿಗಾದ್ರೂ ಕೊಡೋಣ."

ಇವರು ತಲೆ ಬಗ್ಗಿಸಿ ಉಗುರು ಕತ್ತರಿಸುತ್ತಿದ್ದರು. ನಾಲ್ಕು ಸಲ ಒಂದೇ ಉಗುರು.

ನಾನು ಒಂದು ತಿಂಗಳಿಂದ ಬಯಸಿದ್ದು ಇದೇ. ಗೆದ್ದೆ. ಗೆದ್ದವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 6, ಭಾನುವಾರ, ಮಧ್ಯಾಹ್ನ

ಹೇಳಿದೆ. ಅತ್ತಿಗೆ ಸೂಟ್‌ಕೇಸ್ ತೆರೆದು ಬಟ್ಟೆ ಮಡಚುತ್ತಿದ್ದರು. ಬಾಗಿಲು ಹಾಕಿಕೊಂಡು ಹೇಳಿದೆ.

"ಅತ್ತಿಗೆ, ಅದು ಬೆಕ್ಕಲ್ಲ."

ಮಡಚುವುದು ನಿಲ್ಲಲಿಲ್ಲ. "ಗೊತ್ತು."

"ಯಾವಾಗಿಂದ?"

"ಅವತ್ತೇ. ಬೆಕ್ಕು ಕುತ್ತಿಗೆಗೆ ಬಾಯಿ ಹಾಕತ್ತೆ, ನೆತ್ತಿಗಲ್ಲ. ಹೆಡ್‌ಮಿಸ್ ಕೊಕ್ಕಿಗೆ ಬಿಳಿ ಪುಕ್ಕ ಅಂಟ್ಕೊಂಡಿತ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

ಒಂದು ಸೀರೆ ಮಡಚಿ ಮುಗಿಸಿದರು. "ನಿನ್ನ ಮನೇಲಿ ಇದ್ಕೊಂಡು ನಿನ್ನ ಸುಳ್ಳುಗಾರ್ತಿ ಅನ್ಬೇಕಿದ್ರೆ ನನಗೆ ಬೇರೆ ಮನೆ ಇರ್ಬೇಕಿತ್ತು ಕಣೇ."

ಅವರು ಸಿಟ್ಟಾಗಿದ್ದರೆ ಬೇಕಾಗಿತ್ತು. ಎರಡು ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಗೂಡಿನ ಅಳತೆಯನ್ನೂ ಹೇಳಿದೆ. ಆರು ನಾಲ್ಕಲೆ. "ಅದೂ ಗೊತ್ತು. ನೀನು ಅಂಗಡಿಗೆ ಹೋದಾಗ ನಿನ್ನ ಟೇಪಲ್ಲೇ ಅಳೆದೆ. ಸಾರಿ."

ಆಮೇಲೆ ಉಳಿದದ್ದು. ಕಿಟಕಿ. ನೋಡುತ್ತ ಕೂತದ್ದು. ಒಂದು ಕಾಲಿನ ಅಂಚು, ಇನ್ನೊಂದು ಕಾಲಿನ ಅಂಚು, ದಾರ ಕತ್ತರಿಸಿದ್ದು. ತಲೆಯಲ್ಲಿ ಏನಿತ್ತೋ ಅದು ಕೂಡ.

ಅವರ ಕೈ ಆಗ ನಿಂತಿತು. ಮಂಚದ ಮೇಲೆ ಕೂತರು. "ಇದು ಗೊತ್ತಿರ್ಲಿಲ್ಲ," ಎಂದರು. ಸಾರಿ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಪುಟ್ಟಿ ನನ್ನ ಕಾಲಿನ ಹತ್ತಿರ ಬಂತು. ಎತ್ತಿ ಅವರ ಮಡಿಲಲ್ಲಿ ಇಟ್ಟೆ. ಇಳಿದು ಮತ್ತೆ ಬಂತು.

ಅದೇ ದಿನ, ಸಂಜೆ

ಅತ್ತಿಗೆ ಈಗ ಮಾತಾಡಿದರು. "ತಾತನಿಗೆ ಹೇಳ್ಬೇಕು. ನಾಳೆ ಬೆಳಿಗ್ಗೆ. ನಾನೂ ಬರ್ತೀನಿ, ಬಾಯಿ ಮುಚ್ಕೊಂಡಿದ್ದಿದ್ದು ನಾನೂ ತಾನೆ. ಆದ್ರೆ ಹೇಳೋದು ನೀನು."

ರಾತ್ರಿ 10 — ಇವರಿಗೆ ಊಟದ ಹೊತ್ತಿಗೆ ಹೇಳಿದೆ. ಕೈ ತೊಳೆದು ಎದ್ದು ಹೋದರು. ಅನ್ನ ಹಾಗೇ ಇತ್ತು.

ಏಪ್ರಿಲ್ 7, ಸೋಮವಾರ, 7.20

ನಾವು ಹೊರಡುವ ಮೊದಲೇ ತಾತ ಬಂದಿದ್ದಾರೆ. ಅದೇ ಇಸ್ತ್ರಿ ಷರಟು. ಕೈಯಲ್ಲಿ ಹನ್ನೆರಡು ಹಾಳೆ. ಟೈಲರ್ ಕಿಟಕಿಗೆ ಒಳಗಿಂದ ಒಂದು ಅಂಟಿಸಿದರೆ ಬಂದು ಹೋಗುವ ಗಿರಾಕಿಗಳು ನೋಡುತ್ತಾರಂತೆ. "ಅಂಟಿಸ್ಬಹುದಾ ಅಮ್ಮ? ನಿಮ್ಮ ಕಿಟಕಿ, ಕೇಳ್ದೆ ಹೇಗೆ ಅಂಟಿಸೋದು."

ಗೋಂದು ತರುತ್ತೇನೆಂದು ಒಳಗೆ ಬಂದು ಇಲ್ಲಿ ಕೂತಿದ್ದೇನೆ. ಹೇಡಿ. ಹಾಳೆಗಳ ಕಟ್ಟು ಕೈಯಲ್ಲೇ ಬಂದಿದೆ, ಮುಂದಿದೆ. ಗಡಿಯಾರದ ಮುಖದ ಮೇಲೆ ಅಂಕಿ ಬರೆದ ಹಾಗೆ ಬರೆದಿದ್ದಾರೆ.

*ಕಾಣೆಯಾಗಿದೆ. ಬೂದು ಬೆಕ್ಕು, ಬಾಲದ ತುದಿ ಬಿಳಿ, ವಯಸ್ಸು 13. ಅಲಾರಂ ಎಂದು ಕರೆದರೆ ಬರುತ್ತದೆ. ಕೋಳಿ ಹಿಡಿಯುವ ಅಭ್ಯಾಸವಿದೆ, ಕ್ಷಮಿಸಿ. ದಯವಿಟ್ಟು ಹೊಡೆಯಬೇಡಿ.*

ಹನ್ನೆರಡು ಹಾಳೆಯಲ್ಲೂ ಅದೇ ಸಾಲು. ನನ್ನ ಸುಳ್ಳನ್ನು ಹನ್ನೆರಡು ಸಲ ಕೈಯಾರೆ ಬರೆದಿದ್ದಾರೆ. ಕ್ಷಮೆಯನ್ನೂ ಕೇಳಿ.

ಹೊರಗೆ ಅತ್ತಿಗೆ ಕುರ್ಚಿ ಹಾಕಿದ ಸದ್ದು. ಹೇಳುವುದನ್ನು ನನಗೇ ಬಿಟ್ಟಿದ್ದಾರೆ. ತಾತ ಒಮ್ಮೆ ಕೆಮ್ಮಿದರು.

ಹೋಗುತ್ತೇನೆ. ಹೇಗೆ ಶುರು ಮಾಡಲಿ ಎಂದು ಇಲ್ಲಿ ಒಂದು ಸಲ ಬರೆದು ನೋಡಿ ಹೋಗುತ್ತೇನೆ —

ತಾತ, ಈ ಸಾಲು ಹೊಡೆದುಹಾಕಿ. ಅದು ಏನೂ ಮಾಡಿಲ್ಲ. ಅವತ್ತು ನಾನು ಕಿಟಕಿಯಲ್ಲಿ ಕೂತು —